ಕರಾವಳಿಯ ಗಾಳಿಯಲ್ಲಿ ಗಿಟಾರ್ ನೆಕ್: ಜೋಡಿಸುವ ಮೊದಲು ಮರದ ಬಾಯಿ ಮುಚ್ಚುವ ಕ್ರಮ

ಕೆತ್ತಿ ಮುಗಿಸಿದ ಗಿಟಾರ್ ನೆಕ್ ಅನ್ನು, ಎಂದರೆ ನುಡಿಸುವಾಗ ಕೈಯಲ್ಲಿ ಹಿಡಿಯುವ ಉದ್ದನೆಯ ಕುತ್ತಿಗೆಯನ್ನು, ಜೂನ್ ಮೊದಲ ವಾರ ಕಾರವಾರದ ಮನೆಯೊಂದರ ಕಪಾಟಿನ ಮೇಲೆ ಹಾಗೇ ಇಟ್ಟು ಚೌತಿಯ ಹೊತ್ತಿಗೆ ತೆಗೆದು ನೋಡಿದರೆ, ಇಟ್ಟ ಹಾಗೆ ಇರುವುದಿಲ್ಲ. ನೇರವಾಗಿದ್ದ ಮುಖ ಸಣ್ಣಗೆ ಬಾಗಿರುತ್ತದೆ, ಸಲೀಸಾಗಿ ಕೂರುತ್ತಿದ್ದ ಹೀಲ್ (ಬಾಡಿಗೆ ಸೇರುವ ನೆಕ್‌ನ ಬುಡ) ಬಾಡಿಯ ಗೂಡಿಗೆ ಇಳಿಯುವುದಿಲ್ಲ, ತಂತಿ ಬಿಗಿಯುವ ಟ್ಯೂನರ್‌ಗಳ ತೂತುಗಳ ಒಳಗೆ ಬೂಷ್ಟು ಕಾಣಿಸಿಕೊಂಡಿದ್ದರೂ ಆಶ್ಚರ್ಯವಿಲ್ಲ. ಬಿಡಿ ನೆಕ್ ತರಿಸಿಕೊಂಡು ಮನೆಯಲ್ಲೇ ಗಿಟಾರ್ ಕಟ್ಟುವವರೂ, ಸ್ವತಃ ಮರ ಕೊಯ್ದು ಕೆತ್ತುವವರೂ ಈಗ ನಮ್ಮ ಜಿಲ್ಲೆಯಲ್ಲಿ ಅಲ್ಲಲ್ಲಿ ಇದ್ದಾರೆ. ಅವರೆಲ್ಲ ಹೆಚ್ಚು ಶ್ರಮ ಹಾಕುವುದು ನೆಕ್‌ನ ಬೆನ್ನಿನ ಹೊಳಪಿಗೆ. ನಾನು ಹೇಳಹೊರಟಿರುವುದು ಬೇರೆ ಜಾಗಗಳ ಬಗ್ಗೆ: ತೂತುಗಳ ಒಳಗೋಡೆ, ಟ್ಯೂನರ್ ಕೂರುವ ತಲೆಭಾಗವಾದ ಹೆಡ್‌ಸ್ಟಾಕ್‌ನ ನೆತ್ತಿ, ಹೀಲ್‌ನ ತುದಿ. ಜೋಡಣೆ ಮುಗಿದ ಮೇಲೆ ಇವುಗಳಲ್ಲಿ ಹಲವಕ್ಕೆ ಕೈ ಹಾಕಲಾಗದು, ಮರ ನೀರು ಕುಡಿಯುವುದು ಮುಖ್ಯವಾಗಿ ಅಲ್ಲಿಂದಲೇ.

ಮರ ಎಷ್ಟು ತೇವ ಇಟ್ಟುಕೊಳ್ಳಬೇಕೆಂಬುದನ್ನು ಸುತ್ತಲಿನ ಗಾಳಿ ನಿರ್ಧರಿಸುತ್ತದೆ. ಗಾಳಿಯ ತೇವಾಂಶ ಶೇ 50 ಇದ್ದಾಗ ಮರದೊಳಗಿನ ತೇವ ಅದರ ಒಣ ತೂಕದ ಶೇ 9ರ ಹತ್ತಿರ ನಿಲ್ಲುತ್ತದೆ. ಗಾಳಿ ಶೇ 65ಕ್ಕೆ ಏರಿದರೆ ಮರ ಶೇ 12ಕ್ಕೆ, ಶೇ 80ಕ್ಕೆ ಏರಿದರೆ ಶೇ 16ಕ್ಕೆ, ಶೇ 90 ಮುಟ್ಟಿದರೆ ಶೇ 20ರ ಆಸುಪಾಸಿಗೆ ಏರುತ್ತದೆ. ಗಿಟಾರ್‌ಗೆ ಹಿತವೆಂದು ತಯಾರಕರು ಹೇಳುವುದು ಶೇ 45ರಿಂದ 55ರ ಗಾಳಿ. ಕಾರವಾರದಿಂದ ಭಟ್ಕಳದವರೆಗೆ ಮಳೆಗಾಲದ ಗಾಳಿ ದಿನಗಟ್ಟಲೆ ಶೇ 85–90ರಲ್ಲೇ ನಿಂತಿರುತ್ತದೆ. ಘಟ್ಟದ ಮೇಲಿನ ಶಿರಸಿಯವರಿಗೆ ಉಪ್ಪುಗಾಳಿಯ ಕಾಟವಿಲ್ಲ, ತೇವದ ಕಾಟ ಮಾತ್ರ ಅಷ್ಟೇ ಇದೆ. ಸಾಗುವಾನಿಯಂಥ ಶಾಂತ ಸ್ವಭಾವದ ಮರದಲ್ಲೂ ತೇವ ಶೇ 9ರಿಂದ 15ಕ್ಕೆ ಏರಿದರೆ ನಟ್ (ತಲೆಭಾಗದ ಬುಡದಲ್ಲಿ ತಂತಿಗಳು ಹಾಯುವ ಸಣ್ಣ ಪಟ್ಟಿ) ಬಳಿ 43 ಮಿಲಿಮೀಟರ್ ಅಗಲವಿರುವ ನೆಕ್ ಕಾಲಿನಿಂದ ಅರ್ಧ ಮಿಲಿಮೀಟರ್‌ವರೆಗೆ ಹಿಗ್ಗುತ್ತದೆ. ಉದ್ದ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಹಿಗ್ಗಿದ ಸ್ಥಿತಿಯಲ್ಲಿ ಫ್ರೆಟ್ (ನೆಕ್‌ಗೆ ಅಡ್ಡಲಾಗಿ ಕೂರುವ ಲೋಹದ ಪಟ್ಟಿ) ಕೂರಿಸಿದರೆ ಫೆಬ್ರವರಿಯಲ್ಲಿ ಮರ ಕುಗ್ಗಿ, ಫ್ರೆಟ್‌ಗಳ ತುದಿ ಅಂಚಿನಿಂದ ಹೊರಚಾಚಿ ಅಂಗೈಯನ್ನು ಗೀರುತ್ತದೆ.

ಎಲ್ಲ ಕಡೆಯಿಂದಲೂ ಸಮನಾಗಿ ಹೀರಿದರೆ ಮರ ಹಿಗ್ಗಿ ಸುಮ್ಮನಾಗುತ್ತದೆ. ಒಂದು ಮಗ್ಗುಲು ಮುಚ್ಚಿ ಇನ್ನೊಂದು ತೆರೆದಿದ್ದಾಗ ಬಾಗುತ್ತದೆ, ತಿರುಚುತ್ತದೆ. ಬೆನ್ನಿಗೆ ಆರು ಕೋಟ್ ಬಳಿದು ಹೀಲ್‌ನ ತುದಿಯನ್ನು ಬರಿದಾಗಿ ಬಿಟ್ಟ ನೆಕ್‌ಗಿಂತ, ಎಲ್ಲ ಕಡೆ ಎರಡೇ ಕೋಟ್ ಬಿದ್ದ ನೆಕ್ ಮಳೆಗಾಲವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಯಾವ ಲೇಪವೂ ತೇವವನ್ನು ಪೂರ್ತಿ ನಿಲ್ಲಿಸುವುದಿಲ್ಲ, ಅದರ ಓಟವನ್ನು ನಿಧಾನಿಸುತ್ತದೆ ಅಷ್ಟೆ.

ಮೊದಲು ತಕ್ಕಡಿ

ಲೇಪ ತೇವವನ್ನು ಹೊರಗೆ ತಡೆಯುವಂತೆ ಒಳಗೂ ಕೂಡಿಹಾಕುತ್ತದೆ. ಆದ್ದರಿಂದ ಬಳಿಯುವ ಮುನ್ನ ಮರ ಒಣಗಿರಬೇಕು. ತೇವಮಾಪಕ ಇಲ್ಲದಿದ್ದರೆ ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. 600 ಗ್ರಾಂ ತೂಗುವ ನೆಕ್‌ನಲ್ಲಿ ಶೇ 1ರಷ್ಟು ತೇವ ಎಂದರೆ ಸುಮಾರು ಐದೂವರೆ ಗ್ರಾಂ. ತಕ್ಕಡಿ ಅದನ್ನು ಸುಲಭವಾಗಿ ಹಿಡಿಯುತ್ತದೆ. ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ವಾರದುದ್ದಕ್ಕೂ ತೂಕ ಒಂದೆರಡು ಗ್ರಾಂಗಿಂತ ಹೆಚ್ಚು ಅಲುಗದಿದ್ದರೆ ಮರ ಆ ಕೋಣೆಯ ಗಾಳಿಯೊಂದಿಗೆ ರಾಜಿ ಮಾಡಿಕೊಂಡಿದೆ ಎಂದರ್ಥ. ಕೋಣೆಯ ಗಾಳಿಯೇ ಶೇ 85 ಇದ್ದರೆ ಮಾತ್ರ ಆ ರಾಜಿಯಿಂದ ನಮಗೆ ಪ್ರಯೋಜನವಿಲ್ಲ. ಆಗ ಒಣ ಪೆಟ್ಟಿಗೆ ಬೇಕು, ಅದನ್ನು ಮುಂದೆ ವಿವರಿಸುತ್ತೇನೆ.

ನೀವೇ ಕೆತ್ತುವವರಾದರೆ ಒಂದೇ ಪಟ್ಟಿಗೆ ಅಂತಿಮ ಆಕಾರಕ್ಕೆ ಇಳಿಸಬೇಡಿ. ಎರಡು ಮೂರು ಮಿಲಿಮೀಟರ್ ಹೆಚ್ಚು ಬಿಟ್ಟು ಒರಟಾಗಿ ಕೆತ್ತಿ, ಎರಡು ವಾರ ತೂಗುಹಾಕಿ, ಮರ ಎತ್ತ ಬಾಗಬೇಕೋ ಅತ್ತ ಬಾಗಿದ ಮೇಲೆ ಮುಖವನ್ನು ಮತ್ತೆ ಸಮ ಮಾಡಿಕೊಳ್ಳಿ. ಆನ್‌ಲೈನ್‌ನಲ್ಲಿ ಬಣ್ಣವಿಲ್ಲದ ನೆಕ್ ತರಿಸಿದವರೂ ಪೆಟ್ಟಿಗೆ ಒಡೆದ ದಿನವೇ ಬ್ರಷ್ ಹಿಡಿಯದೆ ಮರ ಹೊಸ ಊರಿಗೆ ಹೊಂದಿಕೊಳ್ಳಲು ಬಿಡುವುದು ಒಳ್ಳೆಯದು.

ಮರದ ಜಾತಿ ಗೊತ್ತಿರಲಿ. ದಾಂಡೇಲಿ ಕಡೆಯ ಸಾಗುವಾನಿಯಲ್ಲಿ ಸಹಜ ಎಣ್ಣೆ ಇದೆ, ಬೀಟೆಯಲ್ಲೂ ಅಂಥದೇ ಅಂಶಗಳಿವೆ. ಎರಡರ ಮೇಲೂ ಎಣ್ಣೆ ಮತ್ತು ವಾರ್ನಿಶ್ ಸುಲಭವಾಗಿ ಗಟ್ಟಿಯಾಗುವುದಿಲ್ಲ. ಹಲಸು ಮತ್ತು ಮಹಾಗನಿಯಲ್ಲಿ ಆ ತೊಂದರೆ ಇಲ್ಲ. ಮತ್ತಿ ನಮ್ಮ ಕಾಡಿನ ಸಾಮಾನ್ಯ ಮರ. ಬೀಟೆಯ ಇಡೀ ಡಾಲ್ಬರ್ಜಿಯಾ ಕುಲ 2017ರ ಜನವರಿಯಲ್ಲಿ ಅಪಾಯದಲ್ಲಿರುವ ಗಿಡ-ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿದಾಗ ದೊಡ್ಡ ಗಿಟಾರ್ ಕಂಪನಿಗಳು ಬೆರಳಾಡುವ ಹಲಗೆಯಾದ ಫ್ರೆಟ್‌ಬೋರ್ಡ್‌ಗೆ ಬದಲಿ ಹುಡುಕಿದವು. ಸ್ಕ್ವೈಯರ್, ಎಪಿಫೋನ್ ಗಿಟಾರ್‌ಗಳ ಮೇಲೆ ಇಂಡಿಯನ್ ಲಾರೆಲ್ ಎಂದು ಕುಳಿತಿರುವುದು ಇದೇ ಮತ್ತಿ. 2019ರ ನವೆಂಬರ್‌ನಿಂದ ಸಿದ್ಧ ವಾದ್ಯಗಳಿಗೂ ಅವುಗಳ ಸಿದ್ಧ ಭಾಗಗಳಿಗೂ ಆ ನಿರ್ಬಂಧದಿಂದ ವಿನಾಯಿತಿ ಸಿಕ್ಕಿದೆ, ಕಚ್ಚಾ ಬೀಟೆಗೆ ಸಿಕ್ಕಿಲ್ಲ. ಮರ ಯಾವುದಾದರೂ ಸರಿ, ರಸೀದಿ ಇಟ್ಟುಕೊಳ್ಳಿ. ಹೊರಭಾಗದ ಬಿಳಿ ಮರ ಉಳಿದಿದ್ದರೆ ಕುಟ್ಟೆ ಹುಳದ ಸಣ್ಣ ತೂತು, ಹಿಟ್ಟಿನಂಥ ಪುಡಿ ಇದೆಯೇ ನೋಡಿ. ಇದ್ದರೆ ಆ ತುಂಡನ್ನು ನೆಕ್‌ಗೆ ಬಳಸಲೇಬೇಡಿ. ಹುಳ ಒಳಗಿರುವಾಗ ಮೇಲೆ ಬಳಿದು ಏನೂ ಉಪಯೋಗವಿಲ್ಲ.

ಎಲ್ಲಿ ಬಳಿಯಬೇಕು, ಎಲ್ಲಿ ಬಳಿಯಬಾರದು

ಮರದ ಎಳೆಗಳು ಉದ್ದಕ್ಕೆ ಮಲಗಿರುತ್ತವೆ. ಅಡ್ಡ ಕೊಯ್ದಾಗ ಆ ಎಳೆಗಳ ಬಾಯಿ ಭತ್ತದ ಹುಲ್ಲಿನ ಕಂತೆಯನ್ನು ಕತ್ತರಿಸಿದಂತೆ ತೆರೆದುಕೊಳ್ಳುತ್ತದೆ. ಈ ಅಡ್ಡ ಮುಖದಿಂದ ತೇವ ಒಳಹೋಗುವ ವೇಗ ಉದ್ದ ಮುಖಕ್ಕಿಂತ ಹತ್ತು ಪಟ್ಟೋ ಅದಕ್ಕಿಂತ ಹೆಚ್ಚೋ ಇರುತ್ತದೆ. ನೆಕ್‌ನಲ್ಲಿ ಅಡ್ಡ ಮುಖ ಎಲ್ಲೆಲ್ಲಿದೆ ಎಂದು ಕೈಯಲ್ಲಿ ಹಿಡಿದು ಹುಡುಕಿ. ಹೆಡ್‌ಸ್ಟಾಕ್‌ನ ನೆತ್ತಿ ಮತ್ತು ಹೀಲ್‌ನ ತುದಿ ಕೂಡಲೇ ಕಾಣುತ್ತವೆ. ಹೆಡ್‌ಸ್ಟಾಕ್ ಹಿಂದಕ್ಕೆ ವಾಲುವ ತಿರುವಿನಲ್ಲಿ ಎಳೆಗಳು ಓರೆಯಾಗಿ ಕಡಿದುಹೋಗಿರುತ್ತವೆ, ಅದೂ ಅರೆ ಅಡ್ಡ ಮುಖವೇ. ಹೀಲ್ ಕೆಳಕ್ಕೆ ಇಳಿಯುವ ಬಾಗಿನಲ್ಲೂ ಹಾಗೆಯೇ. ಹೆಚ್ಚಿನವರ ಕಣ್ಣಿಗೆ ಬೀಳದಿರುವುದು ತೂತುಗಳು. ಹೆಡ್‌ಸ್ಟಾಕ್‌ನ ಆರು ಟ್ಯೂನರ್ ತೂತುಗಳು ಎಳೆಗಳನ್ನು ಅಡ್ಡಡ್ಡ ಕತ್ತರಿಸಿಕೊಂಡು ಹೋಗಿವೆ; ಪ್ರತಿ ತೂತಿನ ಎರಡು ಮಗ್ಗುಲಲ್ಲಿ ತೆರೆದ ಬಾಯಿಗಳೇ ಇವೆ. ಬೋಲ್ಟ್‌ನಿಂದ ಕೂರುವ ನೆಕ್ ಆದರೆ ಹೀಲ್‌ನಲ್ಲಿ ಇನ್ನೂ ನಾಲ್ಕು ತೂತು. ನೆಕ್‌ನ ಬಾಗು ಹೊಂದಿಸುವ ಒಳಗಿನ ಲೋಹದ ಸರಳಾದ ಟ್ರಸ್ ರಾಡ್ ತಿರುಗಿಸಲು ಹೆಡ್‌ಸ್ಟಾಕ್ ಬಳಿ ತೋಡಿದ ಗುಂಡಿಯಂತೂ ನೇರ ನೆಕ್‌ನ ಹೊಟ್ಟೆಗೇ ಹಾದಿ.

ಈ ತೂತಿನೊಳಗೆ ಯಾರು ನೋಡುತ್ತಾರೆ ಅಣ್ಣಾ ಎಂದು ಕೆಲಸ ಕಲಿಯಲು ಬರುವ ಹುಡುಗರು ಕೇಳುವುದುಂಟು. ಮಳೆಗಾಲ ನೋಡುತ್ತದೆ ಎನ್ನುತ್ತೇನೆ.

ಬಳಿಯಬಾರದ ಜಾಗಗಳೂ ಇವೆ. ಅಂಟು ಬೀಳುವ ಯಾವ ಮುಖಕ್ಕೂ ಲೇಪ ತಾಗಬಾರದು, ಅಂಟು ಹಿಡಿಯಬೇಕಾದದ್ದು ಮರವನ್ನು. ಬಾಡಿಗೆ ಅಂಟಿಸುವ ನೆಕ್ ಆದರೆ ಕಚ್ಚಿನೊಳಗೆ ಇಳಿಯುವ ನಾಲಿಗೆಯ ಅಂಟು ಮುಖಗಳು, ಬಾಡಿಗೆ ಅಂಟುವ ಫ್ರೆಟ್‌ಬೋರ್ಡ್ ತುದಿಯ ಅಡಿಭಾಗ, ನಟ್ ಕೂರುವ ಸೀಳು ಇವೆಲ್ಲ ಬರಿದಾಗಿರಬೇಕು. ಬೋಲ್ಟ್ ನೆಕ್‌ನ ಹೀಲ್‌ಗೆ ಅಂಟಿಲ್ಲ, ಹಾಗಾಗಿ ಅದನ್ನು ಪೂರ್ತಿ ಮುಚ್ಚಬಹುದು. ದಪ್ಪ ಲೇಪವಾದರೆ ಗೂಡಿನಲ್ಲಿ ಬಿಗಿಯಾಗಿ ಬಣ್ಣ ಸೀಳುತ್ತದೆ. ಅಲ್ಲಿಗೆ ಅರಗಿನ (ಶೆಲ್ಯಾಕ್) ತೆಳು ಕೋಟ್ ಮಾತ್ರ.

ಬೀಟೆ, ಕರಿಮರ, ಮತ್ತಿಯ ಫ್ರೆಟ್‌ಬೋರ್ಡ್ ಆದರೆ ಬೆರಳಾಡುವ ಮುಖಕ್ಕೆ ಲೇಪ ಬೇಡ, ಕಡೆಯಲ್ಲಿ ಒಂದೆರಡು ಹನಿ ಎಣ್ಣೆ ಒರೆಸಿದರಾಯಿತು. ಆದರೆ ಫ್ರೆಟ್‌ಬೋರ್ಡ್‌ನ ಬಾಡಿ ಕಡೆಯ ತುದಿ ಅಡ್ಡ ಮುಖ, ಅದನ್ನು ಮುಚ್ಚಿ. ಮೇಪಲ್ ಫ್ರೆಟ್‌ಬೋರ್ಡ್ ಈ ನಿಯಮಕ್ಕೆ ಹೊರತು. ಬರಿದಾಗಿ ಬಿಟ್ಟರೆ ಬೆವರು ಮತ್ತು ಕೊಳೆ ಹೀರಿ ಬೇಗ ಬೂದುಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಮೇಲಿನಿಂದಲೂ ಗಟ್ಟಿ ಲೇಪ ಬೇಕು.

ಫ್ರೆಟ್‌ಬೋರ್ಡ್ ಇನ್ನೂ ಅಂಟಿಸಿಲ್ಲದಿದ್ದರೆ ಬೆನ್ನಿಗೆ ಬಳಿಯುವ ಆತುರ ಬೇಡ. ಅಗಲವಾದ ಮೇಲ್ಮುಖ ಬರಿದಾಗಿದ್ದು ಬೆನ್ನು ಮುಚ್ಚಿದ್ದರೆ ಬಾಗಲು ಅದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಇಲ್ಲ. ಅಂಥ ನೆಕ್‌ನ ಅಡ್ಡ ಮುಖಗಳಿಗಷ್ಟೇ ಅರಗು ಹಚ್ಚಿ, ಒಣಗಿದ ಮೇಲೆ ಇಡೀ ನೆಕ್‌ಗೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಗಿ ಮುಚ್ಚಳದ ಡಬ್ಬದಲ್ಲಿ ಇಡಿ. ಸುತ್ತುವಾಗ ಮರ ಒಣಗಿರಲೇಬೇಕು, ಇಲ್ಲವಾದರೆ ಬೂಷ್ಟಿಗೆ ಮನೆ ಕಟ್ಟಿಕೊಟ್ಟಂತಾಗುತ್ತದೆ. ತೇವ ತಡೆಯುವುದರಲ್ಲಿ ಮೇಣವನ್ನು ಮೀರಿಸುವುದು ಕಷ್ಟ, ಹಾಗೆಂದು ಇಲ್ಲಿ ಮೇಣ ಬಳಸಬೇಡಿ. ಒಮ್ಮೆ ಮರಕ್ಕೆ ಇಳಿದ ಮೇಣದ ಮೇಲೆ ಅಂಟೂ ನಿಲ್ಲದು, ವಾರ್ನಿಶ್ಶೂ ನಿಲ್ಲದು.

ಉಜ್ಜುವುದು

ಬರಿದಾಗಿ ಉಳಿಯಬೇಕಾದ ಜಾಗಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸುವುದು ಉಜ್ಜಿದ ನಂತರದ ಕೆಲಸ. ಮೊದಲು 120ರ (ಸಂಖ್ಯೆ ಹೆಚ್ಚಿದಷ್ಟೂ ನಯ) ಉಪ್ಪು ಕಾಗದದಿಂದ ಅರದ ಗೀರುಗಳನ್ನು ಅಳಿಸಿ, ಆಮೇಲೆ 180, 220, 320 ಎಂದು ಹೋಗಿ. ಯಾವಾಗಲೂ ಎಳೆಯ ದಿಕ್ಕಿನಲ್ಲೇ. ಒಂದು ಹಂತವನ್ನು ಹಾರಿದರೆ ಅದರ ಗೀರು ಮೇಲಿನ ಲೇಪದ ಹೊಳಪಿನಲ್ಲಿ ಎದ್ದು ಕಾಣುತ್ತದೆ. ಬೆನ್ನನ್ನು 320ಕ್ಕೆ ನಿಲ್ಲಿಸಿ, ಅಡ್ಡ ಮುಖಗಳನ್ನು ಇನ್ನೂ ಒಂದು ಹಂತ ನಯ ಮಾಡಿ. ನಯವಾದಷ್ಟೂ ಅವು ಕಡಿಮೆ ಕುಡಿಯುತ್ತವೆ, ಬಣ್ಣವೂ ಕಪ್ಪಾಗುವುದಿಲ್ಲ.

220ರ ನಂತರ ಒದ್ದೆ ಬಟ್ಟೆಯನ್ನು ಹಿಂಡಿ ನೆಕ್ ಅನ್ನು ಒಮ್ಮೆ ಒರೆಸಿ. ಒತ್ತಿ ಮಲಗಿಸಿದ ಸಣ್ಣ ನಾರುಗಳು ಏಳುತ್ತವೆ. ಒಣಗಿದ ಮೇಲೆ ಕೈಯಾಡಿಸಿದರೆ ಎಳೆ ಗಡ್ಡದ ಹಾಗೆ ತರಿತರಿ. 320ರಿಂದ ಹಗುರವಾಗಿ ಆ ನಾರುಗಳನ್ನಷ್ಟೇ ಕತ್ತರಿಸಿ. ಇನ್ನೊಮ್ಮೆ ಒರೆಸಿದಾಗ ಅಷ್ಟು ಏಳುವುದಿಲ್ಲ. ಇದನ್ನು ಬಿಟ್ಟವರ ನೆಕ್‌ನಲ್ಲಿ ಆರು ತಿಂಗಳ ಬೆವರಿಗೆ ಇದೇ ನಾರು ಲೇಪದ ಕೆಳಗಿನಿಂದ ಏಳುತ್ತದೆ.

ಕರಾವಳಿಯವರಿಗೆ ಒಂದು ಎಚ್ಚರಿಕೆ. ಪಾಲಿಶ್ ಕೆಲಸಕ್ಕೆ ಸ್ಟೀಲ್ ವುಲ್ ಬಳಸುವ ರೂಢಿ ಇದೆ. ಅದರ ಕಣ್ಣಿಗೆ ಕಾಣದ ತುಣುಕುಗಳು ಮರದ ರಂಧ್ರದಲ್ಲಿ ಉಳಿಯುತ್ತವೆ. ಉಪ್ಪುಗಾಳಿಗೆ ಅವು ತುಕ್ಕು ಹಿಡಿಯುತ್ತವೆ, ಕಬ್ಬಿಣ ಮರದ ಒಗರಿನೊಂದಿಗೆ (ಟ್ಯಾನಿನ್) ಕೂಡಿ ಕಪ್ಪು ಚುಕ್ಕೆಗಳಾಗುತ್ತವೆ. ಮತ್ತಿಯಂಥ ಒಗರು ಹೆಚ್ಚಿರುವ ಮರದಲ್ಲಿ ಅವು ಶಾಯಿ ಚೆಲ್ಲಿದ ಹಾಗೆ ಕಾಣುತ್ತವೆ. ನೈಲಾನ್ ಉಜ್ಜುಪಟ್ಟಿಗಳಲ್ಲಿ ನಯವಾದದ್ದನ್ನು ಆರಿಸಿಕೊಂಡರೆ ಈ ಕಿರಿಕಿರಿಯೇ ಇಲ್ಲ. ಪಾತ್ರೆ ತಿಕ್ಕುವ ಹಸಿರು ಪಟ್ಟಿ ತೀರಾ ಒರಟು.

ಅರಗಿನ ಮೊದಲ ಕೋಟ್

ಮೊದಲ ಲೇಪಕ್ಕೆ ನನ್ನ ಆಯ್ಕೆ ಅರಗು. ಬಡಗಿಗಳು ಸ್ಪಿರಿಟ್ ಪಾಲಿಶ್ ಎನ್ನುವುದು ಇದನ್ನೇ. ಬೇಗ ಒಣಗುತ್ತದೆ, ನೀರಿನ ಆವಿಯನ್ನು ಚೆನ್ನಾಗಿ ತಡೆಯುತ್ತದೆ, ಸಾಗುವಾನಿ ಮತ್ತು ಬೀಟೆಯ ಎಣ್ಣೆಗೆ ತಡೆಗೋಡೆಯಾಗುತ್ತದೆ, ಮೇಲೆ ಯಾವ ಲೇಪ ಬಂದರೂ ಹಿಡಿದುಕೊಳ್ಳುತ್ತದೆ. ಅಂಗಡಿಯಲ್ಲಿ ಸಿಗುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಸ್ಯಾಂಡಿಂಗ್ ಸೀಲರ್ ಕೂಡ ಕೆಲಸ ಮಾಡುತ್ತದೆ, ಆದರೆ ಅದರ ಥಿನ್ನರ್ ವಾಸನೆ ಮನೆಯೊಳಗೆ ತಡೆಯಲಾಗದು.

ಅರಗಿನ ಚಕ್ಕೆ 12 ಗ್ರಾಂ, ಸ್ಪಿರಿಟ್ 100 ಮಿಲಿಲೀಟರ್. ಒಂದು ನೆಕ್‌ಗೆ ಇದು ಬೇಕಾದಷ್ಟಾಗಿ ಮಿಗುತ್ತದೆ. ಗಾಜಿನ ಬಾಟಲಿಯಲ್ಲಿ ಹಾಕಿ ಆಗಾಗ ಅಲುಗಿಸುತ್ತಾ ಒಂದು ರಾತ್ರಿ ಬಿಡಿ. ಸಾಮಾನ್ಯ ಚಕ್ಕೆಯಲ್ಲಿ ಸಹಜ ಮೇಣ ಇರುತ್ತದೆ, ಅದರ ಮೇಲೆ ಪಾಲಿಯುರಿಥೇನ್ ಸರಿಯಾಗಿ ಹಿಡಿಯುವುದಿಲ್ಲ. ಮೇಣ ತೆಗೆದ ಚಕ್ಕೆ ಸಿಗದಿದ್ದರೆ ಬಾಟಲಿಯನ್ನು ಕೆಲವು ದಿನ ಅಲುಗಿಸದೆ ಇಡಿ. ಮೋಡದಂಥ ಮೇಣ ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನು ನಿಧಾನವಾಗಿ ಬೇರೆ ಬಾಟಲಿಗೆ ಬಗ್ಗಿಸಿಕೊಳ್ಳಿ. ಕರಗಿಸಿದ ಅರಗು ಆರು ತಿಂಗಳ ಮೇಲೆ ನಂಬಿಕೆಗೆ ಯೋಗ್ಯವಲ್ಲ. ಗಾಜಿನ ಮೇಲೆ ಒಂದು ಹನಿ ಬಿಟ್ಟು ನೋಡಿ. ಮರುದಿನವೂ ಉಗುರಿಗೆ ಅಂಟಿದರೆ ಚೆಲ್ಲಿಬಿಡಿ. ಕೈಗಾರಿಕಾ ಸ್ಪಿರಿಟ್‌ನಲ್ಲಿ ವಿಷಕಾರಿ ಮೆಥನಾಲ್ ಬೆರೆತಿರಬಹುದು. ಕಿಟಕಿ ತೆರೆದಿರಲಿ, ಕೈಗವಸು ಇರಲಿ, ಹತ್ತಿರದಲ್ಲಿ ದೇವರ ದೀಪ ಅಥವಾ ಊದುಬತ್ತಿ ಉರಿಯುತ್ತಿರಬಾರದು.

ಸಾಗುವಾನಿ ಅಥವಾ ಬೀಟೆ ಆದರೆ ಬಳಿಯುವ ಮುನ್ನ ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಒರೆಸಿ. ಬಟ್ಟೆಗೆ ಕಂದು ಬಣ್ಣ ಹತ್ತುವುದು ಕಡಿಮೆಯಾಗುವವರೆಗೆ ಒರೆಸಿ, ಆರಿದ ಕೂಡಲೇ ಅರಗು ಹಚ್ಚಿ. ತಡ ಮಾಡಿದರೆ ಒಳಗಿನ ಎಣ್ಣೆ ಮತ್ತೆ ಮೇಲಕ್ಕೆ ಬರುತ್ತದೆ.

ಶುರು ಮಾಡುವುದು ತೂತುಗಳಿಂದ. ಕಿವಿಗೆ ಬಳಸುವ ಹತ್ತಿ ಕಡ್ಡಿಯನ್ನು ಅರಗಿನಲ್ಲಿ ಅದ್ದಿ, ಬಾಟಲಿಯ ಅಂಚಿಗೆ ಒತ್ತಿ ಹೆಚ್ಚಿನದನ್ನು ಹಿಂಡಿ, ತೂತಿನೊಳಗೆ ತಿರುಗಿಸುತ್ತಾ ಒಮ್ಮೆ ಒಳಗೆ ಒಮ್ಮೆ ಹೊರಗೆ ಎಳೆಯಿರಿ. ತೂತಿನೊಳಕ್ಕೆ ಟಾರ್ಚ್ ಬಿಟ್ಟು ನೋಡಿದರೆ ನಡೆಯುವುದು ಸ್ಪಷ್ಟವಾಗಿ ಕಾಣುತ್ತದೆ. ಉದ್ದ ಎಳೆಯ ಎರಡು ಮಗ್ಗುಲು ಒದ್ದೆಯಾಗಿ ಹೊಳೆಯುತ್ತಲೇ ಇರುತ್ತವೆ. ಅಡ್ಡ ಎಳೆಯ ಎರಡು ಮಗ್ಗುಲು ಮಾತ್ರ ಕಣ್ಣ ಮುಂದೆಯೇ ಅರಗನ್ನು ಹೀರಿ ಮಂಕಾಗುತ್ತವೆ. ಅರ್ಧ ಗಂಟೆ ಬಿಟ್ಟು ಎರಡನೇ ಸಲ ಹಚ್ಚಿದಾಗ ಮಂಕಾಗುವುದು ನಿಧಾನವಾಗುತ್ತದೆ. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಹೊಳಪು ಸುತ್ತಲೂ ಒಂದೇ ಸಮನೆ ನಿಲ್ಲುತ್ತದೆ. ಅಲ್ಲಿಗೆ ಬಾಯಿ ಮುಚ್ಚಿತು. ಕೋಟ್ ಎಷ್ಟು ಎಂದು ಎಣಿಸಬೇಡಿ, ಹೊಳಪು ನಿಲ್ಲುವವರೆಗೆ ಹಚ್ಚಿ. ಹೆಡ್‌ಸ್ಟಾಕ್‌ನ ನೆತ್ತಿ, ಹೀಲ್‌ನ ತುದಿ, ಟ್ರಸ್ ರಾಡ್ ಗುಂಡಿಯ ಗೋಡೆ ಎಲ್ಲಕ್ಕೂ ಇದೇ ಅಳತೆಗೋಲು. ಟ್ರಸ್ ರಾಡ್‌ನ ತಿರುಪಿಗೆ ಮಾತ್ರ ಅರಗು ತಾಗಿಸಬೇಡಿ.

ಆಮೇಲೆ ಬೆನ್ನು ಮತ್ತು ಹೆಡ್‌ಸ್ಟಾಕ್. ನಾರು ಬಿಡದ ಹಳೆಯ ಹತ್ತಿ ಬಟ್ಟೆಯನ್ನು ಉಂಡೆ ಮಾಡಿ, ಹೀಲ್‌ನಿಂದ ಹೆಡ್‌ಸ್ಟಾಕ್‌ವರೆಗೆ ಒಂದೇ ಎಳೆತ. ಹಿಂದೆ ಬಂದು ಅದೇ ಜಾಗವನ್ನು ಮತ್ತೆ ಉಜ್ಜಬೇಡಿ, ಕರಗಿ ಕಿತ್ತುಬರುತ್ತದೆ. ಇಲ್ಲಿಗೆ ಎರಡು ಕೋಟ್ ಸಾಕು. ನಡುವೆ 400ರಿಂದ ಹಗುರವಾಗಿ ಉಜ್ಜಿ ಪುಡಿ ಒರೆಸಿ.

ಹಚ್ಚಿದ ಅರಗು ಹಾಲಿನಂತೆ ಬೆಳ್ಳಗಾದರೆ ಗಾಬರಿ ಬೇಡ. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅದರೊಳಗೆ ಸಿಕ್ಕಿಬಿದ್ದಿದೆ. ಗಾಳಿ ಒಣಗಿದ ದಿನ ಬರೀ ಸ್ಪಿರಿಟ್ ತಾಗಿಸಿದ ಬಟ್ಟೆಯಿಂದ ಹಗುರವಾಗಿ ಒಂದು ಸಲ ಒರೆಸಿದರೆ ತಿಳಿಯಾಗುತ್ತದೆ. ಆ ಬಿಳುಪಿನ ಮೇಲೆಯೇ ಇನ್ನೊಂದು ಕೋಟ್ ಹೊಡೆದರೆ ಮಾತ್ರ ಅದು ಶಾಶ್ವತ.

ಮೇಲಿನ ಲೇಪ

ಅರಗು ಒಂದನ್ನೇ ನಂಬಿ ನುಡಿಸಲಾಗದು; ಅಂಗೈಯ ಬಿಸಿ ಮತ್ತು ಬೆವರಿಗೆ ನಿಧಾನವಾಗಿ ಮೆತ್ತಗಾಗುತ್ತದೆ. ಅದರ ಮೇಲೆ ಗಟ್ಟಿ ಪದರ ಬೇಕು. ಅಗ್ಗದ, ಕೈತಪ್ಪಿದರೂ ಸರಿಪಡಿಸಬಹುದಾದ ದಾರಿ ಎಂದರೆ ಎಣ್ಣೆ ಆಧಾರಿತ ಪಾಲಿಯುರಿಥೇನ್ ವಾರ್ನಿಶ್‌ಗೆ ಅಷ್ಟೇ ಪ್ರಮಾಣದ ಟರ್ಪೆಂಟೈನ್ ಬೆರೆಸಿ ಬಟ್ಟೆಯಿಂದ ಒರೆಸುವುದು. ಒಂದು ಕೋಟ್ ಕಾಗದಕ್ಕಿಂತ ತೆಳುವಾಗಿರುತ್ತದೆ, ಸೋರುವುದಿಲ್ಲ. ನಾಲ್ಕರಿಂದ ಆರು ಕೋಟ್, ಒಂದೊಂದಕ್ಕೆ ಬೇಸಿಗೆಯಲ್ಲಿ ಒಂದು ದಿನ, ತೇವದ ದಿನಗಳಲ್ಲಿ ಎರಡು ದಿನ. ಉಗುರಿನಿಂದ ಒತ್ತಿದರೆ ಗುರುತು ಬೀಳಬಾರದು. ತೂತುಗಳಿಗೆ ಈ ಲೇಪ ಬೇಡ, ಅಲ್ಲಿ ಅರಗೇ ಸಾಕು.

ಅಗಸೆ ಎಣ್ಣೆ ಹಚ್ಚಿದ ನೆಕ್ ಕೈಗೆ ಬಲು ಹಿತ, ನನಗೂ ಇಷ್ಟ. ಆದರೆ ಬರೀ ಅಗಸೆ ಎಣ್ಣೆ ನೀರಿನ ಆವಿಯನ್ನು ತಡೆಯುವುದು ಇಲ್ಲವೆನ್ನುವಷ್ಟು ಕಡಿಮೆ. ಧಾರವಾಡದ ಒಣ ಹವೆಯಲ್ಲಿ ನಡೆದೀತು, ಕಾರವಾರ ಬಂದರಿನ ಬೈತಖೋಲದ ಗಾಳಿಯಲ್ಲಿ ನಡೆಯದು. ಅದೇ ಸ್ಪರ್ಶ ಬೇಕೆನ್ನುವವರು ಅರಗಿನ ಮೇಲೆ, ರಾಳ ಬೆರೆತ ಎಣ್ಣೆಯನ್ನು ತೆಳುವಾಗಿ ಹಲವು ಸಲ ಒರೆಸಬಹುದು. ಬಂದೂಕಿನ ಹಿಡಿಗೆ ಹಚ್ಚುವ ಟ್ರೂ ಆಯಿಲ್ ಈ ಬಗೆಯದು. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಾಳಿಯೊಂದಿಗೆ ಕೂಡಿ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ಮಡಿಕೆಯೊಳಗೆ ಆ ಬಿಸಿ ಕೂಡಿಕೊಂಡು ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ನೀರಲ್ಲಿ ಮುಳುಗಿಸಿ, ಇಲ್ಲವೇ ಅಂಗಳದ ತಂತಿಯ ಮೇಲೆ ಒಂದೊಂದಾಗಿ ಹರವಿ.

ದೋಣಿಗೆ ಹಚ್ಚುವ ಗೇರುಬೀಜದ ಸಿಪ್ಪೆಯ ಎಣ್ಣೆ ಮರವನ್ನು ಉಪ್ಪುನೀರಿನಿಂದ ಕಾಯುತ್ತದೆ, ನೆಕ್‌ಗೂ ಹಚ್ಚಬಾರದೇಕೆ ಎಂದು ಕೇಳುವವರಿದ್ದಾರೆ. ಆ ಎಣ್ಣೆ ಚರ್ಮವನ್ನು ಸುಡುತ್ತದೆ. ದಿನವೂ ಗಂಟೆಗಟ್ಟಲೆ ಅಂಗೈ ಸವರುವ ಜಾಗಕ್ಕೆ ಅದು ಸಲ್ಲದು. ಮೀನೆಣ್ಣೆಯ ವಿಷಯ ಬಿಡಿ.

ಬೆನ್ನಿನ ಹೊಳಪು ಬೆರಳಿಗೆ ಅಂಟಿದಂತೆ ಅನಿಸಿದರೆ ಕೊನೆಯ ಕೋಟ್ ಪೂರ್ತಿ ಗಟ್ಟಿಯಾದ ಮೇಲೆ, ಎಂದರೆ ಎರಡು ಮೂರು ವಾರ ಬಿಟ್ಟು, ನಯವಾದ ನೈಲಾನ್ ಪಟ್ಟಿಯಿಂದ ಉದ್ದುದ್ದ ಸವರಿ ಮಂಕು ಮಾಡಿಕೊಳ್ಳಿ.

ಗಾಳಿಯನ್ನು ಒಣಗಿಸುವ ಪೆಟ್ಟಿಗೆ

ಆದಷ್ಟೂ ಈ ಕೆಲಸವನ್ನು ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ, ಬೆಳಗಿನ ಇಬ್ಬನಿ ಆರಿದ ಮೇಲೆ, ಮಧ್ಯಾಹ್ನದ ಕಡಲ ಗಾಳಿ ಏಳುವ ಮೊದಲು ಮಾಡಿ. ಮಳೆಗಾಲದಲ್ಲೇ ಮಾಡಬೇಕಾಗಿ ಬಂದರೆ ಪೆಟ್ಟಿಗೆ ಕಟ್ಟಿಕೊಳ್ಳಬೇಕು.

ಗಾಳಿಗೆ ನೀರು ಸೇರಿಸದೆ ಬಿಸಿ ಮಾಡಿದರೆ ಅದರ ತೇವಾಂಶದ ಶೇಕಡಾವಾರು ಇಳಿಯುತ್ತದೆ. 25 ಡಿಗ್ರಿ ಸೆಲ್ಸಿಯಸ್, ಶೇ 90ರ ಗಾಳಿಯನ್ನು 30 ಡಿಗ್ರಿಗೆ ಏರಿಸಿದರೆ ಶೇ 67ಕ್ಕೆ, 35 ಡಿಗ್ರಿಗೆ ಏರಿಸಿದರೆ ಶೇ 51ಕ್ಕೆ ಬರುತ್ತದೆ. ಹಾಗಾಗಿ ನೆಕ್ ಉದ್ದದ ಪ್ಲೈವುಡ್ ಪೆಟ್ಟಿಗೆ, ತಳದಲ್ಲಿ 40 ಅಥವಾ 60 ವಾಟ್‌ನ ಹಳೆಯ ಮಾದರಿಯ ಬಲ್ಬ್, ಕೆಳಗೂ ಮೇಲೂ ಗಾಳಿ ಆಡಲು ಸಣ್ಣ ತೂತುಗಳು ಇಷ್ಟೇ ಸಾಕು. ಎಲ್‌ಇಡಿ ಬಲ್ಬ್ ಬಿಸಿಯಾಗದು, ಅದು ಬೇಡ. ಬಲ್ಬ್ ಮತ್ತು ನೆಕ್ ನಡುವೆ ಒಂದು ತಗಡು ಅಡ್ಡ ಇರಲಿ, ನೇರ ಬಿಸಿ ಒಂದೇ ಮಗ್ಗುಲಿಗೆ ಬಡಿಯಬಾರದು. ಹೆಡ್‌ಸ್ಟಾಕ್‌ನ ತೂತಿಗೆ ಕೊಕ್ಕೆ ಹಾಕಿ ನೆಕ್ ಅನ್ನು ತೂಗುಬಿಡಿ. 35 ಡಿಗ್ರಿಯ ಮೇಲಕ್ಕೆ ಹೋಗಬೇಡಿ. ಈ ಪೆಟ್ಟಿಗೆ ಮರ ಒಣಗಿಸಲು ಮತ್ತು ಲೇಪದ ವಾಸನೆ ಪೂರ್ತಿ ಹೋದ ಮೇಲೆ ಗಟ್ಟಿಯಾಗಿಸಲು ಮಾತ್ರ; ಸ್ಪಿರಿಟ್ ಅಥವಾ ಟರ್ಪೆಂಟೈನ್ ಇನ್ನೂ ಆರುತ್ತಿರುವ ನೆಕ್ ಅನ್ನು ಉರಿಯುವ ಬಲ್ಬ್ ಇರುವ ಪೆಟ್ಟಿಗೆಯೊಳಗೆ ಇಡುವುದು ಬೆಂಕಿಗೆ ಕರೆ ಕೊಟ್ಟಂತೆ. ಶಿರಸಿ ಕಡೆಯ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ನಿಜ, ಆದರೆ ಹೊಗೆಯ ಮಸಿ ಬರಿ ಮರಕ್ಕೆ ಕೂತರೆ ಯಾವ ಲೇಪವೂ ಹಿಡಿಯುವುದಿಲ್ಲ.

ಪೆಟ್ಟಿಗೆಯಲ್ಲಿ ಇಡುವ, ಗಾಳಿಯ ತೇವಾಂಶ ತೋರಿಸುವ ಅಗ್ಗದ ಹೈಗ್ರೋಮೀಟರ್ ಸುಳ್ಳು ಹೇಳುತ್ತಿದೆಯೇ ಎಂದು ನೋಡಲು ಒಂದು ಉಪಾಯವಿದೆ. ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟು ನೀರು ಬೆರೆಸಿ, ಮೀಟರ್ ಜೊತೆಗೆ ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿ ಅರ್ಧ ದಿನ ಮುಚ್ಚಿಡಿ. ಒಳಗಿನ ಗಾಳಿ ಶೇ 75ಕ್ಕೆ ಬಂದು ನಿಲ್ಲುತ್ತದೆ. ಮೀಟರ್ 80 ತೋರಿಸಿದರೆ ಐದು ಕಳೆದು ಓದಿಕೊಳ್ಳಿ. ಇದಕ್ಕೆ ಪ್ಯಾಕೆಟ್‌ನ ಶುದ್ಧ ಉಪ್ಪೇ ಬೇಕು. ಗೋಕರ್ಣದ ಬಳಿಯ ಸಾಣಿಕಟ್ಟಾದ ಹರಳು ಉಪ್ಪು ಉಪ್ಪಿನಕಾಯಿಗೆ ಶ್ರೇಷ್ಠ. ಸಮುದ್ರದ ಬೇರೆ ಲವಣಗಳೂ ಅದರಲ್ಲಿರುವುದರಿಂದ ಈ ಲೆಕ್ಕಕ್ಕೆ ಕೈಕೊಡುತ್ತದೆ.

ಜೋಡಿಸುವ ದಿನ

ಟೇಪ್ ಕೀಳುವ ಮೊದಲು ಅದರ ಅಂಚಿನುದ್ದಕ್ಕೂ ಹೊಸ ಬ್ಲೇಡ್‌ನಿಂದ ಹಗುರವಾಗಿ ಗೀರಿ, ಇಲ್ಲವಾದರೆ ಲೇಪವೂ ಜೊತೆಗೆ ಎದ್ದುಬರುತ್ತದೆ. ಅಂಟು ಮುಖಕ್ಕೆ ಎಲ್ಲಾದರೂ ಅರಗು ನುಸುಳಿದ್ದರೆ ಉಳಿಯಿಂದ ಕೆರೆದು ಬರಿ ಮರ ಕಾಣಿಸಿ, ಅದೇ ದಿನ ಅಂಟು ಹಾಕಿ.

ಟ್ಯೂನರ್‌ನ ಬುಶ್ (ತೂತಿನ ಬಾಯಲ್ಲಿ ಕೂರುವ ಲೋಹದ ಬಳೆ) ತೂತಿಗೆ ಬಿಗಿಯಾಗಿದ್ದರೆ ಬಡಿದು ಕೂರಿಸಬೇಡಿ, ಹೆಡ್‌ಸ್ಟಾಕ್‌ನ ಮುಖದ ಲೇಪ ನಕ್ಷತ್ರದಂತೆ ಸೀಳುತ್ತದೆ. ಪೆನ್ಸಿಲ್‌ಗೆ ಉಪ್ಪು ಕಾಗದ ಸುತ್ತಿ ಕೈಯಲ್ಲೇ ತಿರುಗಿಸಿ ಸಡಿಲಿಸಿ, ಸವೆದ ಜಾಗಕ್ಕೆ ಮತ್ತೆ ಹತ್ತಿ ಕಡ್ಡಿ ತಾಗಿಸಿ. ಟ್ಯೂನರ್‌ನ ಸಣ್ಣ ಸ್ಕ್ರೂಗಳಿಗೆ ಮೊದಲೇ ತೂತು ಕೊರೆದು ಅದರೊಳಗೂ ಒಂದು ಹನಿ ಅರಗು ಬಿಡಿ. ಒಣಗಿದ ಮೇಲೆ ಸ್ಕ್ರೂವಿನ ಎಳೆಗೆ ಮೇಣದಬತ್ತಿ ಉಜ್ಜಿ ತಿರುಗಿಸಿ. ಅಂಟಿಲ್ಲದ ಜಾಗವಾದ್ದರಿಂದ ಇಲ್ಲಿ ಮೇಣ ಹಾನಿ ಮಾಡದು. ಕರಾವಳಿಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗೆ ಕೊಡುವ ಹೆಚ್ಚಿನ ದುಡ್ಡು ದಂಡವಲ್ಲ. ಟ್ರಸ್ ರಾಡ್‌ನ ತಿರುಪಿಗೆ ಒಂದು ಚಿಟಿಕೆ ಗ್ರೀಸ್ ಹಚ್ಚಿ, ಕಾಲು ಸುತ್ತು ಅತ್ತಿತ್ತ ತಿರುಗಿಸಿ ಸಲೀಸಾಗಿದೆಯೇ ನೋಡಿ.

ಕಡೆಯದಾಗಿ ಫ್ರೆಟ್‌ಬೋರ್ಡ್‌ನ ಮೇಲೆ ಉದ್ದಕ್ಕೆ ಉಕ್ಕಿನ ನೇರ ಪಟ್ಟಿ ಇಟ್ಟು ಬೆಳಕಿಗೆ ಹಿಡಿಯಿರಿ. ತಂತಿ ಹಾಕುವ ಮೊದಲು ನೆಕ್ ನೇರವಾಗಿರಬೇಕು. ಬಾಗು ಕಾಣಿಸಿದರೆ ಟ್ರಸ್ ರಾಡ್ ಎಳೆದು ಸರಿಮಾಡುವ ಆಸೆ ಬೇಡ. ಅದು ತಂತಿಗಳ ಎಳೆತವನ್ನು ಎದುರಿಸಲು ಇರುವುದು. ನೆಕ್ ಅನ್ನು ಒಣ ಪೆಟ್ಟಿಗೆಯಲ್ಲಿ ಮತ್ತೊಂದು ವಾರ ತೂಗುಹಾಕಿ, ತೂಗಿ, ಮತ್ತೆ ಪಟ್ಟಿ ಇಟ್ಟು ನೋಡಿ. ತೂಕ ನಿಂತ ಮೇಲೂ ಬಾಗು ಉಳಿದಿದ್ದರೆ ಫ್ರೆಟ್‌ಬೋರ್ಡ್‌ನ ಮುಖವನ್ನು ಉಜ್ಜಿ ಸಮ ಮಾಡಿಯೇ ಫ್ರೆಟ್ ಕೂರಿಸಬೇಕು. ಫ್ರೆಟ್ ಕೂತಿರುವ ಸಿದ್ಧ ನೆಕ್ ಆಗಿದ್ದರೆ ಬಾಡಿಗೆ ಜೋಡಿಸುವ ಮುನ್ನವೇ ಫ್ರೆಟ್‌ಗಳನ್ನು ಸಮ ಮಾಡಿಸಿಕೊಳ್ಳಿ.